ತೂಬಿನಹಾಳದ ಮೊದಲ ಮಗು

ಅಮರಗುಂಡಪ್ಪನವರು ತೆಂಗಿನಕಾಯಿ ಆರಿಸುವುದನ್ನು ಒಮ್ಮೆ ನೋಡಬೇಕು. ಬೆಳಗ್ಗೆ ಎಂಟಕ್ಕೆ ಬೀಜದ ಅಂಗಡಿಯ ಬಾಗಿಲು ತೆಗೆದು, ಈಶ್ವರನ ಪಟಕ್ಕೆ ಊದಿನಕಡ್ಡಿ ಬೆಳಗಿ, ಮೇಜಿನ ಮೇಲೆ ಹನ್ನೆರಡು ಕಾಯಿ ಸಾಲಾಗಿ ಇಟ್ಟುಕೊಂಡಿದ್ದರು. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲುಗಾಡಿಸುವುದು, ಉಗುರಿನಿಂದ ತಟ್ಟುವುದು, ತಲೆಯಾಡಿಸಿ ಕೆಳಗಿಡುವುದು. ಮಗಳಿಗೆ ವರ ನೋಡುವಾಗಲೂ ಅವರು ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ ಎಂದು ಹೆಂಡತಿ ಗುರುಲಿಂಗಮ್ಮನವರು ಒಳಗಿನಿಂದಲೇ ಹೇಳುತ್ತಿದ್ದರು.

ನಾಲ್ಕು ದಿನ ಕಳೆದರೆ ನೀರಿನ ದಿನ. ಪ್ರತಿ ವರ್ಷ ಕಾಲುವೆಗೆ ನೀರು ಬಿಟ್ಟಾಗ ತೂಬಿನ ಕಲ್ಲಿಗೆ ಮೊದಲ ಕಾಯಿ ಒಡೆಯುವುದು ಅಮರಗುಂಡಪ್ಪನವರ ಹಕ್ಕು. ಐದನೇ ವಯಸ್ಸಿನಿಂದ ಒಡೆಯುತ್ತ ಬಂದಿದ್ದಾರೆ. ಯಾಕೆಂದರೆ ತೂಬಿನಹಾಳದಲ್ಲಿ ಹುಟ್ಟಿದ ಮೊದಲ ಮಗು ಅವರು. ಇದನ್ನು ಬೀಜ ಕೊಳ್ಳಲು ಬಂದವರಿಗೆ, ಬಸ್ಸು ತಪ್ಪಿಸಿಕೊಂಡು ನೆರಳಿಗೆ ನಿಂತವರಿಗೆ, ಹೊಸದಾಗಿ ಬಂದ ಬ್ಯಾಂಕ್ ಮ್ಯಾನೇಜರರಿಗೆ, ಎಲ್ಲರಿಗೂ ಹೇಳಿದ್ದಾರೆ. ಕೇಳದವರಿಗೂ ಹೇಳಿದ್ದಾರೆ.

ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ ಸಿಗುವ ಊರು ಇದು. ಅರವತ್ತು ವರ್ಷದ ಹಿಂದೆ ಇಲ್ಲಿ ಜಾಲಿಮರ ಮತ್ತು ಎರೆಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಕಾಲುವೆ ಕಡಿಯಲು ಬಂದವರು ಒಂದು ದಂಡೆಯ ಮೇಲೆ ಡೇರೆ ಹಾಕಿದರು. ನೀರು ಬರುತ್ತದೆಂಬ ಸುದ್ದಿ ಕೇಳಿ ಗುರುಗುಂಟಾ ಕಡೆಯ ನಾಲ್ಕು ಮನೆತನದವರು ಇನ್ನೊಂದು ದಂಡೆಯ ಮೇಲೆ ಮನೆಗೆ ಪಾಯ ತೋಡಿದರು. ಅವರ ಹಿಂದೆ ಲಿಂಗಸುಗೂರಿನ ಅಂಗಡಿಯವರು ಬಂದರು, ಆಂಧ್ರದ ಕಡೆಯಿಂದ ನೆಲ್ಲು ಬೆಳೆಯುವವರು ಬಂದರು. ಈಗ ಎರಡು ಅಕ್ಕಿ ಗಿರಣಿ, ಹೈಸ್ಕೂಲು, ಪೆಟ್ರೋಲ್ ಬಂಕು, ಗ್ರಂಥಾಲಯ ಎಲ್ಲ ಇವೆ, ಹೋದ ವರ್ಷ ಪಟ್ಟಣ ಪಂಚಾಯಿತಿಯೂ ಆಗಿದೆ. ಡೇರೆಗಳು ಹೋಗಿ ಐವತ್ತು ವರ್ಷವಾಯಿತು, ಆ ದಂಡೆಯಲ್ಲೂ ಆರ್‌ಸಿಸಿ ಮನೆಗಳಿವೆ, ಆದರೆ ಅದರ ಹೆಸರು ಮಾತ್ರ ಇವತ್ತಿಗೂ ಡೇರೆ ಓಣಿ.

ಅಂಗಡಿಯ ಮೆಟ್ಟಿಲ ಹತ್ತಿರ ಪಕೀರಮ್ಮ ಬಂದು ನಿಂತರು. ಡೇರೆ ಓಣಿಯವರು, ನೆಲ್ಲು ಹಚ್ಚುವ ಹೆಣ್ಣುಮಕ್ಕಳ ಗುಂಪಿಗೆ ಮೇಸ್ತ್ರಿ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರೆಂದರೆ ಎಂಟೆಕರೆ ಗದ್ದೆ ಎರಡು ದಿನದಲ್ಲಿ ಹಸಿರಾಗುತ್ತದೆ ಎಂದು ಊರು ನಂಬಿತ್ತು.

“ಸಾವ್ಕಾರ, ನೀರು ಬಿಟ್ಟ ಮೂರನೇ ದಿನಕ್ಕ ನಿಮ್ಮ ಗದ್ದಿಗೆ ಬರ್ತೀವಿ. ಸಸಿ ತಯಾರ್ ಅದಾವಲ್ರೀ?”

“ಅದಾವ, ಅದಾವ. ಏ ಪಕೀರವ್ವ, ಈ ಕಾಯಿ ನೋಡು. ಒಂದ ಏಟಿಗೆ ಒಡೀತೈತೋ ಇಲ್ಲೋ?”

“ಕಾಯಿದೇನೂ ತಪ್ಪಿಲ್ರೀ ಸಾವ್ಕಾರ, ಕೈ ನೋಡ್ಕೋರಿ,” ಎಂದು ಪಕೀರಮ್ಮ ನಕ್ಕರು.

ಅಮರಗುಂಡಪ್ಪನವರೂ ನಕ್ಕರು. ಐವತ್ತೈದು ವರ್ಷದಲ್ಲಿ ಒಂದು ಸಲವೂ ಅವರಿಗೆ ಕಾಯಿ ಒಂದೇ ಏಟಿಗೆ ಒಡೆದಿರಲಿಲ್ಲ. ಮೂರು ಬೇಕು, ಕೆಲವು ವರ್ಷ ನಾಲ್ಕು. ಊರಿಗೆ ಅದೊಂದು ಮೋಜು.

ಗುರುಲಿಂಗಮ್ಮ ಚಹಾ ಕಳಿಸಿದರು. ಒಳಗೆ ಕೂತವರಿಗೆ ಸ್ಟೀಲ್ ಲೋಟ, ಮೆಟ್ಟಿಲ ಮೇಲೆ ನಿಂತವರಿಗೆ ಕಾಗದದ ಕಪ್ಪು. ಕಾಗದದ ಕಪ್ಪು ಬಂದ ಮೇಲೆ ಊರಿಗೆ ಒಂದು ದೊಡ್ಡ ಅನುಕೂಲವಾಗಿತ್ತು. ಯಾರಿಗೆ ಬೇರೆ ಲೋಟ ಎಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ಅದೇ ದಿನ ಮಧ್ಯಾಹ್ನ ದೀಪಾ ಬಂದಳು. ಪಕೀರಮ್ಮನ ಮಗಳು, ರಾಯಚೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿ ಈಗ ಊರಿನ ಗ್ರಂಥಾಲಯದ ಮೇಲ್ವಿಚಾರಕಿ. ಅವಳಿಗೆ ಒಳಗೆ ಕುರ್ಚಿ, ಸ್ಟೀಲ್ ಲೋಟ. ಮಗಳಿಗೆ ಒಳಗೆ ಕುರ್ಚಿ, ತಾಯಿಗೆ ಹೊರಗೆ ಮೆಟ್ಟಿಲು. ಇದರಲ್ಲಿ ಏನಾದರೂ ವಿಚಿತ್ರವಿದೆ ಎಂದು ಅಮರಗುಂಡಪ್ಪನವರಿಗೆ ಎಂದೂ ಅನಿಸಿರಲಿಲ್ಲ. ಅವರಿಗೆ ದೀಪಾ ಎಂದರೆ ಪ್ರೀತಿ. ಊರಿಗೆ ಅರವತ್ತು ತುಂಬಿದ ನೆನಪಿಗೆ ಊರಿನ ಚರಿತ್ರೆ ಬರೆಸೋಣ ಎಂದಾಗ, ‘ಆ ಹುಡುಗಿ ಬರೀಲಿ, ಆಕಿಗೆ ಓದಿದ ತಲಿ ಐತಿ’ ಎಂದು ಪುಸ್ತಕದ ಸಮಿತಿಯಲ್ಲಿ ಪಟ್ಟು ಹಿಡಿದವರೇ ಅವರು. ಪುಸ್ತಕದ ಮೊದಲ ಪುಟಕ್ಕೆ ಹಾಕಲು ಹೊಸ ರುಮಾಲು ಸುತ್ತಿ ಫೋಟೋ ಕೂಡ ತೆಗೆಸಿಕೊಂಡಿದ್ದರು.

“ಕಾಕಾರ, ಎರಡನೇ ಅಧ್ಯಾಯ ತಂದೀನಿ,” ದೀಪಾ ಹಾಳೆಗಳನ್ನು ಮೇಜಿನ ಮೇಲಿಟ್ಟಳು. ಅವಳ ಕೈ ಹಾಳೆಯ ಮೇಲಿಂದ ಬೇಗ ಏಳಲಿಲ್ಲ. “ಸಮಿತಿಯವರಿಗೆ ತೋರಿಸಿಲ್ಲ. ಮೊದಲು ನೀವ ಓದಬೇಕು.”

ಅಮರಗುಂಡಪ್ಪನವರು ಕನ್ನಡಕ ಹಾಕಿಕೊಂಡು ಖುಷಿಯಿಂದಲೇ ಶುರು ಮಾಡಿದರು. ಮೂರನೇ ಪುಟಕ್ಕೆ ಬಂದಾಗ ತುಟಿ ಅಲ್ಲಾಡುವುದು ನಿಂತಿತು. ಅಲ್ಲಿ ಹೀಗಿತ್ತು: ‘ಕಾಲುವೆಗೆ ನೀರು ಬಿಟ್ಟ ದಿನ ನಸುಕಿನಲ್ಲಿ, ಆಚೆ ದಂಡೆಯ ಡೇರೆಯೊಂದರಲ್ಲಿ, ಮಣ್ಣು ಹೊರಲು ಬಂದಿದ್ದ ದಂಪತಿಗೆ ಹೆಣ್ಣು ಮಗು ಹುಟ್ಟಿತು. ಈ ಊರಿನ ನೆಲದಲ್ಲಿ ಹುಟ್ಟಿದ ಮೊದಲ ಮಗು ಅದು. ಅದೇ ದಿನ ಮಧ್ಯಾಹ್ನ, ನೀರು ಬರುವ ಹೊತ್ತಿಗೆ, ಈಚೆ ದಂಡೆಯಲ್ಲಿ ಒಂದು ಗಂಡು ಮಗು ಹುಟ್ಟಿತು.’

“ಇದ್ಯಾವ ಹೆಣ್ಣು ಮಗು?”

“ನಮ್ಮವ್ವ.”

ಅಮರಗುಂಡಪ್ಪನವರು ಕನ್ನಡಕ ತೆಗೆದರು.

“ಯಾರು ಹೇಳಿದ್ರು ನಿನಗ?”

“ಚಾಂದ್‌ಬೀ ಅಜ್ಜಿ. ಹಳೇ ಸುದ್ದಿ ಕೇಳಾಕ ಹೋಗಿದ್ದೆ. ನಾ ಕೇಳಿದ್ದು ನೀವು ಹುಟ್ಟಿದ ಸುದ್ದಿ ಕಾಕಾರ, ನಮ್ಮವ್ವಂದಲ್ಲ. ಹೇಳ್ಕೋತ ಹೇಳ್ಕೋತ ಆಕೀನ ಹೇಳಿಬಿಟ್ಲು.” ದೀಪಾ ತಲೆ ತಗ್ಗಿಸಿದಳು. “ನಂಗೂ ಹೆದರಿಕಿ ಐತ್ರೀ. ಮನಿ ಸುದ್ದಿ ಊರ ಸುದ್ದಿ ಮಾಡ್ಯಾಳ ಅಂತ ನಾಲ್ಕು ಮಂದಿ ಅಂತಾರ. ಅದಕ್ಕ ನಿಮ್ಮ ಕೈಯಾಗ ಕೊಟ್ಟೀನಿ. ನೀವ ಕೇಳಿ ನೋಡ್ರಿ. ಸುಳ್ಳು ಅನಿಸಿದ್ರ ಹರದು ಒಗೀರಿ. ಖರೇ ಅನಿಸಿದ್ರ ಮಾತ್ರ, ಅದನ್ನ ತೆಗದು ಬರೆಯಾಕ ನನ್ನ ಕೈಲೆ ಆಗಂಗಿಲ್ಲ. ಬ್ಯಾರೆಯವ್ರ ಕಡಿಂದ ಬರಸ್ರಿ.”

ಅಷ್ಟರಲ್ಲಿ ಅಮರಗುಂಡಪ್ಪನವರ ತಮ್ಮ ಶಿವಕಾಂತ ಮೋಟಾರುಬೈಕು ನಿಲ್ಲಿಸಿ ಒಳಗೆ ಬಂದ. ಅವನು ಸಮಿತಿಯ ಕಾರ್ಯದರ್ಶಿ, ಮೈಕು ಸಿಕ್ಕರೆ ಬಿಡದ ಮನುಷ್ಯ, ಆದರೆ ಹೈಸ್ಕೂಲಿಗೆ ಕೊಠಡಿ ತರಲು ಲಿಂಗಸುಗೂರಿನ ಕಚೇರಿಗಳಿಗೆ ವರ್ಷಗಟ್ಟಲೆ ಅಲೆದು ಚಪ್ಪಲಿ ಸವೆಸಿದವನೂ ಅವನೇ. ಅಣ್ಣನ ಮುಖ ನೋಡಿ ಹಾಳೆ ಎತ್ತಿಕೊಂಡು ಓದಿದ. ಮೊದಲು ನಕ್ಕ, ಆಮೇಲೆ ನಗಲಿಲ್ಲ.

“ಅಣ್ಣ, ಇದಕ್ಯಾಕ ತಲಿ ಕೆಡಿಸ್ಕೊಳ್ತಿ? ಡೇರಿ ಮಂದಿ ಕೆಲಸಕ್ಕ ಬಂದವ್ರು. ಕೆಲಸ ಮುಗದ ಮ್ಯಾಲ ಹೋಗಬೇಕಾದವ್ರು, ಹೋಗಲಿಲ್ಲ, ಉಳಕೊಂಡ್ರು. ಊರು ಕಟ್ಟಾಕ ಬಂದವ್ರು ನಾವು.”

“ಕಾಲುವಿ ಕಡದವ್ರು ಊರು ಕಟ್ಟಿದಂಗ ಅಲ್ಲೇನ್ರೀ?” ದೀಪಾ ಮೆಲ್ಲಗೆ ಕೇಳಿದಳು.

“ಕಡದಾರವ್ವ, ಯಾರು ಇಲ್ಲಂದ್ರು? ಇನ್ನೊಂದು ಮಾತು ಕೇಳು. ನೀರು ಬರಾಕಿಂತ ಮೊದ್ಲ ಹುಟ್ಟ್ಯಾಳ ಅಂತ ನೀನ ಬರದಿ. ನೀರು ಬರಾಕಿಂತ ಮೊದ್ಲ ಇಲ್ಲಿ ಊರ ಇರಲಿಲ್ಲಲ್ಲ? ಊರು ಹುಟ್ಟಿದ್ದ ನೀರು ಬಂದಾಗ. ಊರಿಗಿಂತ ಮೊದ್ಲ ಹುಟ್ಟಿದಾಕಿ ಊರಿನ ಮಗು ಹೆಂಗಾಗ್ತಾಳ?” ವಾದ ತನಗೇ ಹಿಡಿಸಿ ಶಿವಕಾಂತನ ದನಿ ಸ್ವಲ್ಪ ಏರಿತು. ಆಮೇಲೆ ಅಣ್ಣನ ಕಡೆ ನೋಡಿ ಇಳಿಯಿತು. “ಐವತ್ತೈದು ವರ್ಷದಿಂದ ಅಣ್ಣ ಕಾಯಿ ಒಡೀತಾನ. ಈಗ ಅದೆಲ್ಲಾ ಸುಳ್ಳು ಅಂದ್ರ ಮಂದಿ ನಗ್ತಾರ. ನಿನ್ನ ಸಲುವಾಗಿ ಜಗಳಾಡಿದ ಮನುಷ್ಯ ಇವನು. ಇವಂಗ ಮಂದಿ ನಗಬೇಕೇನವ್ವ?”

“ನನಗದು ಬ್ಯಾಡ್ರೀ,” ಎಂದಳು ದೀಪಾ. ಅವಳ ಕಣ್ಣು ತುಂಬಿತ್ತು. ಚಹಾ ಹಾಗೇ ಬಿಟ್ಟು ಎದ್ದು ಹೋದಳು.

ಪುಸ್ತಕ ಸೋಮವಾರ ಲಿಂಗಸುಗೂರಿನ ಪ್ರೆಸ್ಸಿಗೆ ಹೋಗಬೇಕಿತ್ತು. ಒಂದು ಪುಟ ಇರಬೇಕೋ ಹೋಗಬೇಕೋ ಎಂಬುದು ಈಗ ಅಮರಗುಂಡಪ್ಪನವರ ಕೈಯಲ್ಲಿತ್ತು. ಇಟ್ಟರೆ ತಾವು ಯಾರು? ಮೊದಲ ಮಗು ಎಂಬುದು ಜೀವಮಾನವೆಲ್ಲ ಹೇಳಿಕೊಂಡು ಬಂದ ಒಂದೇ ಮಾತು. ಆ ಮಾತು ಹೋದರೆ ಉಳಿಯುವುದು ಬೀಜ ಮಾರುವ ಒಬ್ಬ ಮನುಷ್ಯ.

ರಾತ್ರಿ ಊಟಕ್ಕೆ ಕೂತಾಗ ರೊಟ್ಟಿ ಮುರಿದು ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದರು. ಗುರುಲಿಂಗಮ್ಮ ಎಲ್ಲ ಕೇಳಿಸಿಕೊಂಡಿದ್ದರು.

“ಎರಡನೇ ಮಗು ಆದ್ರ ರೊಟ್ಟಿ ಇಳಿಯಂಗಿಲ್ಲೇನ್ರೀ?”

“ನಿನಗ ಗೊತ್ತಾಗಂಗಿಲ್ಲ, ಸುಮ್ನಿರು.”

“ಯಾಕ ಗೊತ್ತಾಗಂಗಿಲ್ಲ? ಲಗ್ನಾಗಿ ಬಂದ ದಿನ ನೀವು ನನ್ನ ಕೂಡ ಆಡಿದ ಮೊದಲನೇ ಮಾತ ಅದು. ನನ್ನ ಹೆಸರು ಕೇಳಿದ್ದು ಆಮ್ಯಾಲ.” ಪಲ್ಯ ಬಡಿಸುತ್ತ ಅವರ ದನಿ ಮೆತ್ತಗಾಯಿತು. “ಚಾಂದ್‌ಬೀ ಸುಳ್ಳು ಹೇಳಾಕಿ ಅಲ್ಲ. ಹೋಗಿ ಕೇಳ್ಕೊಂಡು ಬರ್ರಿ.”

ಮರುದಿನ ಬೆಳಗ್ಗೆ ಅವರು ಸ್ಕೂಟರು ಹತ್ತಿ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಗೆ ಹೋದರು. ಕೇಳುವುದಕ್ಕಿಂತ ಹೆಚ್ಚಾಗಿ ಒಪ್ಪಿಸುವುದಕ್ಕೇ ಹೋದರು ಎನ್ನಬೇಕು. ವಯಸ್ಸಾಗಿದೆ, ದಿನ ಹಿಂದುಮುಂದಾಗಿದೆ ಎಂದು ಒಂದು ಮಾತು ಮುದುಕಿಯ ಬಾಯಿಂದ ಬಂದರೆ ಸಾಕಿತ್ತು.

ಚಾಂದ್‌ಬೀ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತಿದ್ದರು. ಗಂಡ ಕಾಲುವೆಗೆ ಕಲ್ಲು ಕಟ್ಟುವ ಗೌಂಡಿಯಾಗಿದ್ದ. ಅವನ ಜೊತೆ ಬಂದ ಇವರು ಇಲ್ಲಿಯೇ ಸೂಲಗಿತ್ತಿಯಾಗಿ ಎರಡೂ ದಂಡೆಯ ಮಕ್ಕಳನ್ನು ಹಿಡಿದರು. ಈಗ ಎಂಬತ್ತೈದು. ತೂಬಿನಹಾಳದಲ್ಲಿ ಅಮರಗುಂಡಪ್ಪನವರಿಗೆ ‘ಲೇ’ ಎನ್ನುವ ಹಕ್ಕು ಉಳಿದಿದ್ದು ಅವರೊಬ್ಬರಿಗೇ.

“ಬಾರಲೇ ಬೇಟಾ. ನಿನ್ನ ದಾರೀನ ನೋಡಾಕತ್ತಿದ್ದೆ. ಆ ಹುಡುಗಿ ಹೇಳಿದ್ಲೇನು?”

“ಹೇಳಿದ್ಲು. ಚಾಂದ್‌ಬೀ, ಅರವತ್ತು ವರ್ಷದ ಮಾತು. ನಿನಗೂ ವಯಸ್ಸಾತು. ಯಾವದು ಮೊದ್ಲೋ ಯಾವದು ಆಮ್ಯಾಲೋ...”

“ನನ್ನ ತಲಿ ಮ್ಯಾಲ ನಿನಗ ಭರೋಸ ಇಲ್ಲ. ಬಿಡು, ಆ ಗೂಟದ ಮ್ಯಾಲಿನ ಕೌದಿ ತಗೊಂಬಾ.”

ಅದು ಊರಿಗೆಲ್ಲ ಗೊತ್ತಿದ್ದ ಕೌದಿ. ಹಳೇ ಬಟ್ಟೆಯ ಚೂರುಗಳನ್ನು ಜೋಡಿಸಿ ಹೊಲಿದ ಹೊದಿಕೆ ಈ ಕಡೆ ಯಾರ ಮನೆಯಲ್ಲಿಲ್ಲ? ಚಾಂದ್‌ಬೀ ಯಾವಾಗಲೂ ಅದನ್ನೇ ಹೊದೆಯುತ್ತಿದ್ದರು. ಆದರೆ ಅದರಲ್ಲಿ ಏನಿದೆ ಎಂದು ಅಮರಗುಂಡಪ್ಪನವರು ಎಂದೂ ಹತ್ತಿರದಿಂದ ನೋಡಿರಲಿಲ್ಲ.

“ನನಗ ಓದಾಕ ಬರೆಯಾಕ ಬರಂಗಿಲ್ಲ. ಹೊಲಿಯಾಕ ಬರ್ತೈತಿ. ಯಾರ ಮನ್ಯಾಗ ಕೂಸು ಹಿಡದ್ರೂ ಆ ಮನೀದೊಂದು ಅರಿವಿ ಚೂರು ಕೇಳ್ತಿದ್ದೆ. ಬಂದಂಗ ಹಚ್ಕೋತ ಬಂದೀನಿ. ಒಂದೂ ಹಿಂದಮುಂದ ಆಗಿಲ್ಲ.” ಸುಕ್ಕುಗಟ್ಟಿದ ಬೆರಳು ಚೂರಿನಿಂದ ಚೂರಿಗೆ ಹೋಯಿತು. “ಇದು ಗದ್ದೆಪ್ಪ, ಈಗ ತೂಬಿನ ಗೇಟು ನೋಡ್ಕೊಳ್ತಾನಲ್ಲ, ಅವ. ಇದು ಪೀರ್‌ಸಾಬ್. ಈ ಹಸರು ಚೌಕಡಿ ಟಾವೆಲ್ ನಿನ್ನ ತಮ್ಮ ಶಿವಕಾಂತ, ಹುಟ್ಟಿದಾಗೂ ಒದರೋದು ಬಾಳ ಇತ್ತು. ಇನ್ನ ಇಲ್ಲಿ ನೋಡು, ಇದು ಯಾರ ಖಣ?”

ಕೆಂಪು ಖಣ, ಕುಪ್ಪಸದ ಬಟ್ಟೆ. ಬಣ್ಣ ಮಾಸಿ ಇಟ್ಟಿಗೆಯಂತಾಗಿತ್ತು, ಆದರೆ ಅಂಚಿನ ಹಳದಿ ಗೆರೆ ಇನ್ನೂ ಇತ್ತು. ಅಮರಗುಂಡಪ್ಪನವರಿಗೆ ಯಾರೂ ಹೇಳಬೇಕಾಗಲಿಲ್ಲ. ಇಪ್ಪತ್ತು ವರ್ಷದ ಹಿಂದೆ ತೀರಿಕೊಂಡ ತಾಯಿ ಅದೇ ಅಂಚಿನ ಸೀರೆಯೊಂದನ್ನು ಕೊನೆಯವರೆಗೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಅದರ ಜೊತೆಯ ಖಣ ಇದು.

ಖಣದ ಪಕ್ಕದಲ್ಲಿ, ಕೌದಿಯ ಮೂಲೆಯಲ್ಲಿ, ಇನ್ನೊಂದು ಚೂರಿತ್ತು. ಒರಟಾದ ಖಾಕಿ ಡೇರೆ ಬಟ್ಟೆ.

“ಇದನ್ನ ಆಮ್ಯಾಲ ಹಚ್ಚಿರಬೇಕು,” ಎಂದರು ಅಮರಗುಂಡಪ್ಪನವರು. ಅವರ ದನಿಯಲ್ಲಿ ಅವರಿಗೇ ನಂಬಿಕೆಯಿರಲಿಲ್ಲ.

“ಮೂಲಿ ಬಿಟ್ಟು ಕೌದಿ ಯಾರು ಸುರು ಮಾಡ್ತಾರಲೇ?”

ಸೋತವರು ಕೊನೆಗೆ ತಮ್ಮನ ವಾದವನ್ನೂ ಎತ್ತಿದರು. ನೀರು ಬರುವುದಕ್ಕಿಂತ ಮೊದಲು ಊರೇ ಇರಲಿಲ್ಲ, ಅಂದ ಮೇಲೆ ಆ ಮಗು ಊರಿನದು ಹೇಗೆ? ಚಾಂದ್‌ಬೀ ಬೊಚ್ಚು ಬಾಯಿ ತೆರೆದು ನಕ್ಕರು.

“ಊರ ಇಲ್ಲದಿದ್ರ ನಿಮ್ಮವ್ವ ಅವತ್ತು ಮುಂಜಾನಿಂದ ಎಲ್ಲಿ ಕುಂತು ಬ್ಯಾನಿ ತಿನ್ನಾಕತ್ತಿದ್ಲು? ಮುಗಲಾಗೇನು? ಕೇಳಿಲ್ಲಿ. ನಾನು ಡೇರ್ಯಾಗ ಹೆರಿಗಿ ಮುಗಿಸಿ, ಕೈ ಕಾಲು ತೊಳಕೊಂಡು, ಒಣ ಕಾಲುವಿ ಇಳದು ಹತ್ತಿ ನಿಮ್ಮ ಮನಿಗೆ ಬಂದೆ. ಆವಾಗ ಬ್ರಿಜ್ ಇರಲಿಲ್ಲ. ನಿಮ್ಮವ್ವ ಹಲ್ಲು ಕಚ್ಚಿ ಹಿಡದು ಕೇಳಿದ್ಲು, ‘ಆಕಿ ಏನು ಹಡದ್ಲು?’ ಅಂತ. ಹೆಣ್ಣು ಅಂದೆ. ‘ಹಂಗಾರ ನನ್ನ ಕೂಸಿಗೆ ಒಬ್ಬಾಕಿ ಅಕ್ಕ ಮೊದ್ಲ ಬಂದು ಕುಂತಾಳ ಬಿಡು’ ಅಂದ್ಲು. ಅಂಥಾ ಬ್ಯಾನ್ಯಾಗೂ ನಕ್ಕಳು ನೋಡು. ನೀ ಹುಟ್ಟಿದ ಮ್ಯಾಲ ಖಣ ಹರದು ನನಗೊಂದು ಚೂರು ಕೊಟ್ಲು. ಉಳದದ್ದು ಡೇರಿಗೆ ಕಳಿಸಿದ್ಲು, ಆ ಕೂಸಿನ ತಲಿಗೆ ಕುಂಚಗಿ ಹೊಲಿಸ್ರಿ ಅಂತ.”

ತಾಯಿಯ ಆ ನಗು ಹೇಗಿರಬಹುದೆಂದು ಅಮರಗುಂಡಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು.

“ಮತ್ತ ಇಷ್ಟು ವರ್ಷ ನೀ ಯಾಕ ಹೇಳಲಿಲ್ಲ?”

“ಹೇಳಿದ್ದೆ. ನಿಮ್ಮಪ್ಪ ಕಾಯಿ ಒಡದು, ಊರಿನ ಮೊದಲ ಮಗು ನನ್ನ ಮನ್ಯಾಗ ಅಂತ ಸಾರಾಕತ್ತಿದ್ದ. ‘ಸಾವ್ಕಾರ, ಆ ದಂಡ್ಯಾಗೂ ಒಂದು...’ ಅಂದೆ. ‘ಆ ದಂಡೀದು ಬ್ಯಾರೆ, ಚಾಂದ್‌ಬೀ’ ಅಂದ. ಕೆಟ್ಟ ಮನುಷ್ಯ ಅಲ್ಲ ಅವ. ಹಂಗ ಅಂದ. ನಾನೂ ಸುಮ್ನಾದೆ.” ಚಾಂದ್‌ಬೀ ಕೌದಿಯನ್ನು ಮಡಚಿದರು. “ಸುಮ್ನಾಗಿದ್ದು ನಂದೂ ತಪ್ಪಲೇ ಬೇಟಾ. ಅದಕ್ಕ ಆ ಹುಡುಗಿ ಕೇಳಿದಾಗ ಹೇಳಿಬಿಟ್ಟೆ. ಇನ್ನೆಷ್ಟು ದಿನ ನಾನು?”

ಅಮರಗುಂಡಪ್ಪನವರು ಮನೆಗೆ ಹೋಗಬೇಕಿತ್ತು. ಸ್ಕೂಟರು ಕಾಲುವೆಯ ಬ್ರಿಜ್ಜಿಗೆ ಬಂದು ನಿಂತಿತು. ಆಚೆಗೆ ಡೇರೆ ಓಣಿ. ಆಳು ಬೇಕಾದಾಗ ಅವರು ಇಲ್ಲಿಯೇ ನಿಂತು ಮೂರು ಸಲ ಹಾರನ್ ಹೊಡೆಯುತ್ತಿದ್ದರು, ಪಕೀರಮ್ಮ ಬರುತ್ತಿದ್ದರು. ಅಮರಗುಂಡಪ್ಪನವರ ತಂದೆಯ ಕಾಲದಲ್ಲಿ ಸೀಟಿ, ಇವರ ಕಾಲದಲ್ಲಿ ಹಾರನ್. ಬ್ರಿಜ್ಜು ದಾಟಿ ಹೋಗಿದ್ದು ನೆನಪಿಗೆ ಬರಲಿಲ್ಲ. ದಾಟುವ ಅಗತ್ಯವೇ ಬಿದ್ದಿರಲಿಲ್ಲ. ಈಗಲೂ ಕೈ ತಾನಾಗಿಯೇ ಹಾರನ್ ಒತ್ತಿತು.

ಪಕೀರಮ್ಮ ಕೈಯಲ್ಲಿನ ಹಿಟ್ಟು ಒರೆಸಿಕೊಳ್ಳುತ್ತ ಲಗುಬಗೆಯಿಂದ ಬಂದರು. “ಎಷ್ಟು ಮಂದಿ ಬೇಕ್ರೀ ಸಾವ್ಕಾರ? ಮೂರನೇ ದಿನ ಬರ್ತೀವಿ ಅಂದಿದ್ದೆನಲ್ರೀ.”

ಅಮರಗುಂಡಪ್ಪನವರು ಆ ಮುಖವನ್ನು ನೋಡಿದರು. ತಮ್ಮಷ್ಟೇ ವಯಸ್ಸಿನ ಮುಖ. ಶಾಲೆಯ ಮಾಸ್ತರರು ಎಲ್ಲ ಮಕ್ಕಳಿಗೂ ಜೂನ್ ಒಂದು ಎಂದು ಬರೆದಿದ್ದರಿಂದ ಅವರ ದಾಖಲೆಯಲ್ಲಿ ಜೂನ್ ಒಂದು. ಶಾಲೆಯ ಮೆಟ್ಟಿಲು ಹತ್ತದ ಪಕೀರಮ್ಮನ ಆಧಾರಿನಲ್ಲಿ ಜನವರಿ ಒಂದು. ಹುಟ್ಟಿದ್ದು ಮಾತ್ರ ಇಬ್ಬರೂ ಒಂದೇ ದಿನ, ಒಂದೇ ಕೈಯಲ್ಲಿ.

“ಪಕೀರವ್ವ, ನೀರು ಬಂದ ದಿನ... ನಿನಗ ಗೊತ್ತಿತ್ತೇನು?”

ಯಾವ ಮಾತು ಎಂದು ಪಕೀರಮ್ಮ ಕೇಳಲಿಲ್ಲ. “ನಮ್ಮವ್ವ ಹೇಳ್ತಿದ್ಲು.”

“ಒಂದು ದಿನಾನೂ ಬಾಯಿ ಬಿಡಲಿಲ್ಲಲ್ಲ ನೀ.”

“ಯಾರು ಕೇಳಿದ್ರು?”

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಅವರು ಬ್ರಿಜ್ಜಿನ ಕಟ್ಟೆಯ ಮೇಲಿನ ಧೂಳನ್ನು ಕೈಯಿಂದ ಸರಿಸುತ್ತಿದ್ದರು. “ಕಾಯಿ ನೀವು ಒಡೀತಿದ್ರಿ, ನೀರು ನಮಗೂ ಬರ್ತಿತ್ತಲ್ರೀ. ಹೋಗ್ಲಿ ಬಿಡು ಅಂತಿದ್ದೆ. ಒಂದ ಅನಸ್ತಿತ್ತು. ಪ್ರತಿ ವರ್ಷ ನೀವು ಆ ದಂಡ್ಯಾಗ ನಿಂತಾಗ, ನಮ್ಮವ್ವ ನನ್ನ ಹೆಗಲ ಮ್ಯಾಲ ಕೈ ಇಟ್ಟು ಇವತ್ತು ನೀ ಹುಟ್ಟಿದ ದಿನ ಅಂತಿದ್ಲು. ಆಕಿ ಸತ್ತ ಮ್ಯಾಲ ಹಂಗ ಅನ್ನವ್ರು ಯಾರೂ ಉಳೀಲಿಲ್ಲ.”

ಅಮರಗುಂಡಪ್ಪನವರಿಗೆ ನಾಚಿಕೆಯಾಯಿತು. ಬದುಕಿನಲ್ಲಿ ಸಣ್ಣಪುಟ್ಟ ತಪ್ಪಿಗೆ ನಾಚಿದ್ದರು, ಇಂಥದು ಇದೇ ಮೊದಲು. ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದಿದ್ದು, “ಹತ್ತು ಮಂದಿ ಕರ್ಕೊಂಡು ಬಾ.” ಹೇಳಿ ಸ್ಕೂಟರು ತಿರುಗಿಸಿಕೊಂಡು ಹೋದರು. ದಾರಿಯುದ್ದಕ್ಕೂ ತಮ್ಮನ್ನೇ ಬೈದುಕೊಂಡರು.

ಭಾನುವಾರ ಬಂತು. ಮಧ್ಯಾಹ್ನದ ಹೊತ್ತಿಗೆ ನೀರು ಬರುತ್ತದೆಂದು ಗದ್ದೆಪ್ಪ ಹೇಳಿದ್ದ. ಈಚೆ ದಂಡೆಯ ಮೇಲೆ ಶಾಮಿಯಾನ, ಕುರ್ಚಿ, ಮೈಕು. ಆಚೆ ದಂಡೆಯ ಮೇಲೆ ಡೇರೆ ಓಣಿಯವರು ಎಂದಿನಂತೆ ಬಿಸಿಲಿನಲ್ಲಿ ನಿಂತಿದ್ದರು. ಈಚೆ ಪೂಜೆ ಮುಗಿದ ಮೇಲೆ ಕಾಯಿಚೂರಿನ ಬುಟ್ಟಿ ಬ್ರಿಜ್ಜು ದಾಟಿ ಅವರ ಕಡೆ ಹೋಗುವುದು ಪದ್ಧತಿ. ದೀಪಾ ಎರಡೂ ಕಡೆ ಇರಲಾರದೆ ಬ್ರಿಜ್ಜಿನ ನಡುವೆ ನಿಂತಿದ್ದಳು. ಪುಟದ ವಿಷಯ ಅಮರಗುಂಡಪ್ಪನವರು ಅವಳಿಗೆ ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ.

“ಬಂತು, ಬಂತು!” ಎಂದು ಗದ್ದೆಪ್ಪ ಕೂಗಿದ. ದೂರದಲ್ಲಿ ಕಸಕಡ್ಡಿ, ನೊರೆ ತಳ್ಳಿಕೊಂಡು ಕೆಂಪು ನೀರು ಬರುವುದು ಕಾಣಿಸಿತು.

“ಈಗ ನಮ್ಮೂರಿನ ಮೊದಲ ಮಗು, ಹಿರಿಯರಾದ ಅಮರಗುಂಡಪ್ಪನವರು...” ಮೈಕಿನಲ್ಲಿ ಶಿವಕಾಂತನ ದನಿ ಗದ್ದೆಗಳ ಮೇಲೆಲ್ಲ ಹರಡಿ ನಡುವೆಯೇ ನಿಂತುಹೋಯಿತು.

ಅಣ್ಣ ತೂಬಿನ ಕಡೆ ಹೋಗಲಿಲ್ಲ. ಆರಿಸಿಟ್ಟ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬ್ರಿಜ್ಜಿನ ಕಡೆ ನಡೆದಿದ್ದರು. ಹಿಂದೆ ಆರತಿ ತಟ್ಟೆ ಹಿಡಿದು ಗುರುಲಿಂಗಮ್ಮ. ದೀಪಾಳ ಹತ್ತಿರ ಬಂದಾಗ ಅಮರಗುಂಡಪ್ಪನವರು ನಿಂತರು. “ಆ ಪುಟ ಹಂಗ ಇರಲಿ. ನನ್ನ ಫೋಟೋ ಮಾತ್ರ ಎರಡನೇ ಪುಟಕ್ಕ ಹಾಕು. ಹೊಸಾ ರುಮಾಲು ಸುತ್ತಿ ತಗಿಸೀನಿ, ಪೂರಾ ಬಿಡಬ್ಯಾಡ,” ಎಂದು ಮುಂದೆ ಹೋದರು.

ಬ್ರಿಜ್ಜು ಹದಿನೈದು ಹೆಜ್ಜೆಯಿತ್ತು. ಆಚೆ ದಂಡೆಯವರು ಏನಾಯಿತೆಂದು ತಿಳಿಯದೆ ದಾರಿ ಬಿಟ್ಟರು. ಪಕೀರಮ್ಮ ಗುಂಪಿನ ಹಿಂದೆ ಸರಿಯುತ್ತಿದ್ದರು.

“ಅಕ್ಕಾ,” ಎಂದರು ಅಮರಗುಂಡಪ್ಪನವರು.

ಪಕೀರಮ್ಮ ಹಿಂದೆ ತಿರುಗಿ ಬೇರೆ ಯಾರಾದರೂ ಇದ್ದಾರೇನೋ ಎಂದು ನೋಡಿದರು.

“ನಿನಗ ಅನ್ನಾಕತ್ತೀನಿ. ನಮ್ಮವ್ವ ಅಂದಿದ್ಲಂತ. ನಾ ಹುಟ್ಟಾಕಿಂತ ಮೊದ್ಲ ಅಂದಿದ್ಲಂತ. ನನಗ ತಿಳಿಯಾಕ ಅರವತ್ತು ವರ್ಷ ಹಿಡೀತು.” ಅವರು ಕಾಯಿಯನ್ನು ಮುಂದೆ ಚಾಚಿದರು. “ಇವತ್ತು ನೀ ಹುಟ್ಟಿದ ದಿನ ಅಕ್ಕಾ. ಬಾ, ನೀರು ಬಂತು.”

ಪಕೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

“ಹೆಣ್ಮಕ್ಕಳು ಕಾಯಿ ಒಡೀತಾರೇನ್ರೀ?”

“ಮೊದಲನೇ ಮಗು ಒಡೀತೈತಿ. ಅದು ಹೆಣ್ಣೋ ಗಂಡೋ, ನೀರಿಗೇನು?”

ಗುರುಲಿಂಗಮ್ಮ ಅವರ ಕೈ ಹಿಡಿದು ಬ್ರಿಜ್ಜು ದಾಟಿಸಿ ತೂಬಿನ ಕಲ್ಲಿನ ಹತ್ತಿರ ಕರೆತಂದರು. ಹಿಂದೆ ಡೇರೆ ಓಣಿಯವರೂ ಒಬ್ಬೊಬ್ಬರಾಗಿ ದಾಟಿ ಬಂದರು. ಶಾಮಿಯಾನದ ಕೆಳಗಿದ್ದ ಕೆಲವರು ಮುಖ ಗಂಟು ಹಾಕಿಕೊಂಡರು, ಇಬ್ಬರು ಎದ್ದೂ ಹೋದರು. ಶಿವಕಾಂತ ಅಣ್ಣನ ಮುಖವನ್ನೇ ನೋಡುತ್ತ ನಿಂತಿದ್ದ. ಅಣ್ಣ ಅಳುತ್ತಿದ್ದುದನ್ನು ಅವನು ತಾಯಿ ಸತ್ತಾಗ ಬಿಟ್ಟರೆ ಇವತ್ತೇ ನೋಡಿದ್ದು. ಮೈಕು ಬಾಯಿಗೆ ಹಿಡಿದ.

“ನಮ್ಮೂರಿನ ಮೊದಲ ಮಗು, ಹಿರಿಯರಾದ ಶ್ರೀಮತಿ ಪಕೀರಮ್ಮ...” ಅಲ್ಲಿಗೆ ತಡವರಿಸಿದ. ಮೈಕು ಬಂದ್ ಮಾಡುವುದು ಮರೆತು ಕೇಳಿಯೇಬಿಟ್ಟ, “ಅಣ್ಣ, ಇವರ ಮನೆತನದ ಹೆಸರೇನು?”

ಇಷ್ಟು ವರ್ಷ ತಮ್ಮ ಗದ್ದೆಗೆ ನೆಲ್ಲು ಹಚ್ಚಿದವರ ಪೂರ್ತಿ ಹೆಸರು ಊರಿಗೆ ಗೊತ್ತಿಲ್ಲವೆಂಬುದು ಊರಿಗೆಲ್ಲ ಕೇಳಿಸಿತು. ಅಮರಗುಂಡಪ್ಪನವರಿಗೂ ಗೊತ್ತಿರಲಿಲ್ಲ. ದೀಪಾ ಮುಂದೆ ಬಂದು ಮೈಕಿನ ಹತ್ತಿರ ಬಾಗಿ ತಾಯಿಯ ಪೂರ್ತಿ ಹೆಸರು ಹೇಳಿದಳು. ಕುರ್ಚಿಯ ಮೇಲೆ ಕೌದಿ ಹೊದ್ದು ಕೂತಿದ್ದ ಚಾಂದ್‌ಬೀ, “ಇನ್ನೊಮ್ಮಿ ಹೇಳಬೇ, ಜೋರಾಗಿ,” ಎಂದರು. ಅವಳು ಇನ್ನೊಮ್ಮೆ ಹೇಳಿದಳು.

ಪಕೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಕಾಯಿ ಎತ್ತಿದರು, ಕಲ್ಲಿಗೆ ಬಡಿದರು. ಒಂದೇ ಏಟಿಗೆ ಎರಡು ಹೋಳು. ಕಾಯಿನೀರು ತೂಬಿನ ಮೇಲೆ ಚೆಲ್ಲಿ ಕಾಲುವೆಯ ಹೊಸ ನೀರಿಗೆ ಸೇರಿತು. ಜನ ಒಂದು ಕ್ಷಣ ಬೆರಗಾಗಿ ನಿಂತು, ಆಮೇಲೆ ಹೋ ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಮರಗುಂಡಪ್ಪನವರೇ.

“ನಾ ಅಂದಿದ್ದೆನಲ್ಲ, ಕಾಯಿದೇನೂ ತಪ್ಪಿಲ್ಲಂತ,” ಎಂದರು ಪಕೀರಮ್ಮ. ಒಂದು ಹೋಳು ತಮ್ಮ ಕೈಯಲ್ಲಿ ಇಟ್ಟುಕೊಂಡು ಇನ್ನೊಂದನ್ನು ಮುಂದೆ ಚಾಚಿದರು. ‘ಸಾವ್ಕಾರ’ ಎಂಬ ಮಾತು ತುಟಿಯವರೆಗೂ ಬಂದಿತ್ತು. ಅದನ್ನು ಅಲ್ಲಿಯೇ ಬಿಟ್ಟರು.

“ಹಿಡಿ ತಮ್ಮಾ.”

ಅಮರಗುಂಡಪ್ಪನವರು ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಎರಡೂ ಕೈ ಒಡ್ಡಿ ಈಸಿಕೊಂಡರು.